ನಿಮ್ಮ ಹಾಡು ಪುಕ್ಕಟೆ ಹಂಚಿಹೋದಾಗ

ಶಿಶುನಾಳ ಷರೀಫರ ನಾಲ್ಕು ತತ್ವಪದಗಳನ್ನು ಹಳ್ಳಿಯ ಭಜನಾ ಮೇಳವೊಂದು ಕೈಯಿಂದ ದುಡ್ಡು ಹಾಕಿ ಹುಬ್ಬಳ್ಳಿಯ ಸ್ಟುಡಿಯೊದಲ್ಲಿ ರೆಕಾರ್ಡ್ ಮಾಡಿಸಿತು ಎಂದುಕೊಳ್ಳಿ. ವಾರದೊಳಗೆ ನಾಲ್ಕೂ ಯಾವುದೋ ಟೆಲಿಗ್ರಾಂ ಚಾನೆಲ್‌ನಲ್ಲಿ ಪುಕ್ಕಟೆ. ಕೇಳಿದರೆ, 'ಷರೀಫಜ್ಜನ ಪದಕ್ಕ ನೀವ್ಯಾರ್ರೀ ಮಾಲಕರು?' ಎಂಬ ಉತ್ತರ.

ಪದಕ್ಕೆ ಮಾಲೀಕರಿಲ್ಲ, ನಿಜ. ಷರೀಫರು ತೀರಿಕೊಂಡದ್ದು 1889ರಲ್ಲಿ. ಆ ಪದಗಳು ಎಲ್ಲರ ಸ್ವತ್ತು. ಆದರೆ ಧ್ವನಿಮುದ್ರಣದ ಹಕ್ಕೇ ಬೇರೆ. 1957ರ ಕೃತಿಸ್ವಾಮ್ಯ ಕಾಯ್ದೆ ಆ ಹಕ್ಕನ್ನು ಮುದ್ರಣ ಮಾಡಿಸಿದವರಿಗೆ ಕೊಡುತ್ತದೆ, ಪ್ರಕಟವಾದ ಮುಂದಿನ ವರ್ಷದಿಂದ 60 ವರ್ಷ. ನೋಂದಣಿ ಕಡ್ಡಾಯವಲ್ಲ. ಆದರೆ ಬಾಯಿಮಾತಿನಲ್ಲೇ ವ್ಯವಹಾರ ಮುಗಿಸುವ ನಮ್ಮ ಕಲಾವಿದರು ಸೋಲುವುದು ಸಾಕ್ಷ್ಯದಲ್ಲಿ. ಸ್ಟುಡಿಯೊ ಬಿಲ್ಲನ್ನು ದಯವಿಟ್ಟು ದುಡ್ಡು ಕೊಟ್ಟವರ ಹೆಸರಿನಲ್ಲೇ ಬರೆಸಿ, ಮೂಲ ಫೈಲು ಜೋಪಾನ ಮಾಡಿ.

ಹಾಡು ಕಳವಾದದ್ದು ಕಂಡ ಕೂಡಲೇ ಸ್ಕ್ರೀನ್‌ಶಾಟ್ ತೆಗೆದು, ಪ್ರತಿ ಹಾಡಿನ ಲಿಂಕ್ ಬರೆದಿಡಿ. ಬಳಿಕ ಆ ಫೈಲು ಇಟ್ಟುಕೊಂಡಿರುವ ಜಾಲತಾಣಕ್ಕೆ ಲಿಖಿತ ದೂರು ಕೊಡಿ. ಹಾಡು ಯಾವುದು, ಹಕ್ಕು ನಿಮ್ಮದೆಂಬುದಕ್ಕೆ ಆಧಾರವೇನು, ಅಕ್ರಮ ಪ್ರತಿ ಎಲ್ಲಿದೆ, ಗೊತ್ತಿದ್ದರೆ ಹಾಕಿದವರು ಯಾರು ಎಂಬುದೆಲ್ಲ ಅದರಲ್ಲಿರಬೇಕು. 2013ರ ಕೃತಿಸ್ವಾಮ್ಯ ನಿಯಮಗಳ 75ನೇ ನಿಯಮದಂತೆ, ದೂರು ಸರಿಯಾಗಿದೆ ಎನಿಸಿದರೆ ಜಾಲತಾಣ 36 ಗಂಟೆಯೊಳಗೆ ಆ ಪ್ರತಿ ಯಾರಿಗೂ ಸಿಗದಂತೆ ತಡೆಯಬೇಕು.

ಬಹಳ ಜನ ಇಲ್ಲಿಗೇ ಗೆದ್ದೆವೆಂದು ಕೂರುತ್ತಾರೆ. ಈ ತಡೆ ಇರುವುದು 21 ದಿನ ಮಾತ್ರ! ಅಷ್ಟರೊಳಗೆ ದಾವೆ ಹೂಡಿ ನ್ಯಾಯಾಲಯದ ಆದೇಶ ತಂದುಕೊಡುತ್ತೇವೆ ಎಂಬ ಮುಚ್ಚಳಿಕೆಯನ್ನೂ ದೂರಿನಲ್ಲೇ ಬರೆದುಕೊಡಬೇಕು. ಆದೇಶ ಬರದಿದ್ದರೆ ಜಾಲತಾಣ ಹಾಡನ್ನು ಮತ್ತೆ ತೆರೆದಿಡಬಹುದು. ಆದ್ದರಿಂದ ದೂರು ಕಳಿಸುವ ಮೊದಲೇ ವಕೀಲರನ್ನು ಕಾಣಿ. ಕೃತಿಸ್ವಾಮ್ಯ ಕಾಯ್ದೆಯ ಕಲಂ 62ರ ಪ್ರಕಾರ ನೀವು ವಾಸಿಸುವ ಊರಿನ ಜಿಲ್ಲಾ ನ್ಯಾಯಾಲಯದಲ್ಲೇ ದಾವೆ ಹೂಡಬಹುದು. ಜಾಲತಾಣದ ಕಚೇರಿ ಹುಡುಕಿಕೊಂಡು ದೂರದೂರಿಗೆ ಅಲೆಯಬೇಕಿಲ್ಲ. ಬಡ ಕಲಾವಿದರಿಗೆ ಇದಕ್ಕಿಂತ ದೊಡ್ಡ ಅನುಕೂಲ ಈ ಕಾಯ್ದೆಯಲ್ಲಿ ನನಗೆ ಕಂಡಿಲ್ಲ.

ಪೊಲೀಸ್ ದಾರಿಯೂ ಇದೆ. ಕಲಂ 63ರಡಿ 6 ತಿಂಗಳಿಂದ 3 ವರ್ಷ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಹಾಗಾಗಿ ಠಾಣೆಯಲ್ಲಿ 'ಇದು ಸಿವಿಲ್ ವಿಷಯ, ಕೋರ್ಟಿಗೆ ಹೋಗಿ' ಎಂದರೆ ಈ ತೀರ್ಪನ್ನು ತೋರಿಸಿ. ಹಾಡು ಕದ್ದು ಹಂಚುವುದನ್ನೇ ದಂಧೆ ಮಾಡಿಕೊಂಡವರ ಮೇಲೆ ಕರ್ನಾಟಕದ ಗೂಂಡಾ ಕಾಯ್ದೆಯನ್ನೂ ಹೇರಲು ಅವಕಾಶವಿದೆ.

ಗ್ರೂಪಿಗೆ ಫಾರ್ವರ್ಡ್ ಮಾಡುವವರಿಗೂ ಒಂದು ಮಾತು. ಸ್ವಂತ ಬಳಕೆಯ ನ್ಯಾಯಯುತ ವ್ಯವಹಾರಕ್ಕೆ ಕಾಯ್ದೆ ರಿಯಾಯಿತಿ ಕೊಟ್ಟಿದೆ, ನೂರಾರು ಜನರಿಗೆ ಫೈಲು ಹಂಚುವುದು ಅದರಲ್ಲಿ ಸೇರುವುದಿಲ್ಲ. ಲಾಭಕ್ಕಾಗಿ ಮಾಡಿದ್ದಲ್ಲವಾದರೆ ನ್ಯಾಯಾಧೀಶರು ವಿಶೇಷ ಕಾರಣ ಬರೆದು ಶಿಕ್ಷೆ ಇಳಿಸಬಹುದು. ಅಪರಾಧವಂತೂ ಅಪರಾಧವೇ.