ಮಾದರಿ ಉಪಕರಣಗಳ ಸಣ್ಣ ಕಾರ್ಯಾಗಾರಕ್ಕೆ ಬೆಸುಗೆಯಂತ್ರದ ಆಯ್ಕೆ

ಮುಂಗಾರಿನ ಬಿತ್ತನೆಯ ಹದವು ಕೆಲವೇ ದಿನಗಳವರೆಗೆ ನಿಲ್ಲತಕ್ಕದ್ದು. ಆ ಸಮಯದಲ್ಲಿ ಕಬ್ಬಿಣದ ಕೂರಿಗೆಯ ತಾಳೊಂದರ ಬೆಸುಗೆಯು ಬಿಟ್ಟುಹೋದರೆ ಆಳುಗಳು ಹೊಲದಲ್ಲಿ ಸುಮ್ಮನೆ ನಿಲ್ಲಬೇಕಾಗುವುದು. ಹದವು ಮಾತ್ರ ಯಾರಿಗೂ ಕಾಯದೆ ಆರಿಹೋಗುವುದು. ಆದುದರಿಂದ, ತಮ್ಮ ನೆಲಕ್ಕೆ ಒಪ್ಪುವ ಕೂರಿಗೆ, ಕುಂಟೆ ಮೊದಲಾದವುಗಳ ಮಾದರಿಗಳನ್ನು ತಾವೇ ಮಾಡಿಸಿ ನೋಡಬೇಕೆಂದು ಸಣ್ಣ ಕಾರ್ಯಾಗಾರವನ್ನು ತೆರೆಯುವ ಜಮೀನುದಾರರಿಗೂ, ಊರಿನ ಪರವಾಗಿ ಅದನ್ನು ಏರ್ಪಡಿಸುವ ಮುಖ್ಯಸ್ಥರಿಗೂ ಬೆಸುಗೆಯಂತ್ರದ ಆಯ್ಕೆಯು ಲಘುವಾದ ವಿಷಯವಲ್ಲ.

ಇಂಥ ಯಂತ್ರಗಳು ಬೆಂಗಳೂರಿನಲ್ಲಿ ಕೃಷ್ಣರಾಜೇಂದ್ರ ಮಾರುಕಟ್ಟೆಗೆ ಸಮೀಪವಾದ ಎಸ್.ಜೆ.ಪಿ. ರಸ್ತೆಯ ಅಂಗಡಿಗಳಲ್ಲಿ ದೊರೆಯುವುವು. ಕೊಳ್ಳಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು “ಎಷ್ಟು ಆಂಪಿಯರಿನದು?” ಎಂದು. ಇದು ಕಡೆಯಲ್ಲಿ ಕೇಳತಕ್ಕ ಪ್ರಶ್ನೆ. ಮಾಡತಕ್ಕ ಕೆಲಸವೇನು, ದೊರೆಯುವ ವಿದ್ಯುಚ್ಛಕ್ತಿಯೆಷ್ಟು ಎಂಬಿವೆರಡನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಹೊರಡುವುದು ಮೇಲು.

1. ಕೆಲಸದ ವಿಚಾರ.— ಕೂರಿಗೆ, ಕುಂಟೆಗಳ ಚೌಕಟ್ಟಿಗೆ ಬೇಕಾಗುವ ಪಟ್ಟಿ ಮತ್ತು ಆಂಗಲ್‌ಗಳು ಬಹುಮಟ್ಟಿಗೆ 3ರಿಂದ 6 ಮಿ.ಮೀ. ದಪ್ಪವಿರುವುವು. ಇವುಗಳಿಗೆ 2.5 ಮಿ.ಮೀ. ಸಲಾಕಿ (ರಾಡು) ಮತ್ತು 3.15 ಮಿ.ಮೀ. ಸಲಾಕಿ ಸಾಕು. ಮೊದಲನೆಯದಕ್ಕೆ ಸುಮಾರು 60ರಿಂದ 90 ಆಂಪಿಯರ್, ಎರಡನೆಯದಕ್ಕೆ 90ರಿಂದ 130 ಆಂಪಿಯರ್ ಬೇಕು. ಆದುದರಿಂದ 200 ಆಂಪಿಯರಿನ ಯಂತ್ರವು ಮಾದರಿ ಕೆಲಸಕ್ಕೆ ಧಾರಾಳವಾಯಿತು. 400 ಆಂಪಿಯರಿನದನ್ನು ತಂದರೆ ಹಣವೂ ಸ್ಥಳವೂ ವ್ಯರ್ಥ.

2. ವಿದ್ಯುಚ್ಛಕ್ತಿಯ ವಿಚಾರ.— ಶಿವನಸಮುದ್ರದ ವಿದ್ಯುತ್ತು ಬೆಂಗಳೂರಿಗೆ 1905ರಲ್ಲಿಯೇ ಬಂದಿತು. ಆದರೂ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳ ಹಿತ್ತಿಲಲ್ಲಿ ಕಾರ್ಯಾಗಾರವನ್ನಿಡುವವರು ಮೊದಲು ತಮ್ಮ ಮನೆಗೆ ಮಂಜೂರಾಗಿರುವ ಕಿಲೋವಾಟ್ ಎಷ್ಟೆಂದು ಬಿಲ್ಲಿನಲ್ಲಿ ನೋಡತಕ್ಕದ್ದು. 90 ಆಂಪಿಯರಿನಲ್ಲಿ ಬೆಸೆಯುವಾಗ ಇನ್ವರ್ಟರ್ ಯಂತ್ರವು ಸುಮಾರು 2½ ಕಿಲೋವಾಟ್, 120ರಲ್ಲಿ ಸುಮಾರು 3½ ಕಿಲೋವಾಟ್ ಎಳೆಯುವುದು. ಹಳೆಯ ತಂತಿಯು ಇದನ್ನು ತಾಳದಿದ್ದರೆ ಪ್ರತ್ಯೇಕ ತಂತಿಯನ್ನು ಎಳೆಸುವುದು ಅಗತ್ಯ. ಹಳ್ಳಿಯಲ್ಲಿ ತೊಂದರೆಯೇ ಬೇರೆ. ಟ್ರಾನ್ಸ್‌ಫಾರ್ಮರಿನಿಂದ ದೂರದ ತೋಟಗಳಲ್ಲಿ ಪಂಪುಗಳೆಲ್ಲ ನಡೆಯುವ ಹೊತ್ತಿಗೆ 230 ವೋಲ್ಟ್ ಇರಬೇಕಾದಲ್ಲಿ ಬಹಳ ಕಡಿಮೆಯಾಗುವುದುಂಟು. ಅಂಗಡಿಯಲ್ಲಿ ಚೆನ್ನಾಗಿ ಉರಿದ ಯಂತ್ರವು ಊರಿನಲ್ಲಿ ಸಲಾಕಿಯನ್ನು ಕಬ್ಬಿಣಕ್ಕೆ ಅಂಟಿಸಿಬಿಡುವುದಕ್ಕೆ ಇದೇ ಕಾರಣ. ಆದುದರಿಂದ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ವೋಲ್ಟನ್ನು ಅಳೆದು ಬರೆದುಕೊಂಡು, ಅಷ್ಟಕ್ಕೆ ನಡೆಯುವುದೆಂದು ಫಲಕದಲ್ಲಿ ನಮೂದಾಗಿರುವ ಯಂತ್ರವನ್ನೇ ಆರಿಸಬೇಕು.

3. ಯಂತ್ರದ ಬಗೆ.— ಹಳೆಯ ಟ್ರಾನ್ಸ್‌ಫಾರ್ಮರ್ ಯಂತ್ರವು ಬಹಳ ಭಾರ, ವಿದ್ಯುತ್ತನ್ನೂ ಹೆಚ್ಚು ಎಳೆಯುವುದು. ಆದರೆ ಧೂಳನ್ನೂ ಒರಟು ಬಳಕೆಯನ್ನೂ ಸಹಿಸುವುದು. ಇನ್ವರ್ಟರ್ ಯಂತ್ರವನ್ನು ಒಬ್ಬನೇ ಎತ್ತಿಕೊಂಡು ಹೊಲದ ಕೊಟ್ಟಿಗೆಗೂ ಒಯ್ಯಬಹುದು. ಉರಿಯು ಸ್ಥಿರವಾಗಿರುವುದರಿಂದ ಹೊಸಬನಿಗೂ ಬೇಗ ಕೈಗೂಡುವುದು. ಧೂಳು, ತೇವಗಳು ಮಾತ್ರ ಅದಕ್ಕೆ ಶತ್ರುಗಳು. ದುರಸ್ತಿ ಮಾಡುವವರು ಹತ್ತಿರದಲ್ಲಿರುವರೇ ಎಂದು ವಿಚಾರಿಸಿ, ಸಣ್ಣ ಕಾರ್ಯಾಗಾರಕ್ಕೆ ಇದನ್ನೇ ಕೊಳ್ಳುವುದು ಉತ್ತಮ. ಅನಿಲದೊಡನೆ ತಂತಿಯನ್ನು ಉರಿಸುವ ಯಂತ್ರವು ತೆಳು ತಗಡಿಗೆ ಒಳ್ಳೆಯದಾದರೂ ಬಯಲು ಗಾಳಿಯಲ್ಲಿ ಕೆಲಸಕ್ಕೆ ಬಾರದು.

4. ದುಡಿಮೆಯ ಪ್ರಮಾಣ.— ಫಲಕದಲ್ಲಿ “200 ಆಂಪಿಯರ್, ಶೇಕಡಾ 60” ಎಂದಿದ್ದರೆ, ಹತ್ತು ನಿಮಿಷಗಳಲ್ಲಿ ಆರು ನಿಮಿಷ ಬೆಸೆದು ನಾಲ್ಕು ನಿಮಿಷ ಆರಲು ಬಿಡಬೇಕೆಂದರ್ಥ. ಶೇಕಡಾ 20 ಎಂದಿದ್ದರೆ ಎರಡೇ ನಿಮಿಷ. ಎರಡು ಯಂತ್ರಗಳ ಆಂಪಿಯರ್ ಒಂದೇ ಆಗಿದ್ದು ಬೆಲೆ ಬೇರೆಯಾಗಿದ್ದರೆ ಈ ಸಂಖ್ಯೆಯನ್ನು ಮೊದಲು ನೋಡಬೇಕು.

5. ಪರೀಕ್ಷೆ.— ತಾವು ಉಪಯೋಗಿಸುವ ಪಟ್ಟಿಯ ಎರಡು ತುಂಡುಗಳನ್ನೇ ಅಂಗಡಿಗೆ ಒಯ್ದು, ಒಂದರ ಮೇಲೊಂದನ್ನು ನೆಟ್ಟಗೆ ನಿಲ್ಲಿಸಿ ಒಂದು ಮಗ್ಗುಲಿಗೆ ಮಾತ್ರ ಬೆಸೆಯಿಸಬೇಕು. ಆರಿದ ಮೇಲೆ ಬೆಸೆದ ಮಗ್ಗುಲಿನ ಕಡೆಗೇ ಬಾಗುವಂತೆ ಸುತ್ತಿಗೆಯಿಂದ ಹೊಡೆದು ಮುರಿಯಬೇಕು. ಒಳಗೆ ತೂತುಗಳೂ ಕರಗದ ಅಂಚೂ ಕಂಡರೆ ಯಂತ್ರದಲ್ಲೋ ಸಲಾಕಿಯಲ್ಲೋ ಕೈಯಲ್ಲೋ ದೋಷವಿದೆ. ನುರಿತವನ ಕೈಯಿಂದ, ಒಣಗಿದ ಹೊಸ ಸಲಾಕಿಯಿಂದ ಮತ್ತೆ ನೋಡಿದರೆ ದೋಷವು ಎಲ್ಲಿಯದೆಂದು ತಿಳಿಯುವುದು.

ಮಾದರಿಯನ್ನು ಮೊದಲೇ ಪೂರ್ತಿ ಬೆಸೆಯಬಾರದು. ಅಲ್ಲಲ್ಲಿ ಚುಕ್ಕಿಯಿಟ್ಟು ನಿಲ್ಲಿಸಿ ಅಳತೆಯನ್ನು ಸರಿಪಡಿಸಿದ ಮೇಲೆ ಬೆಸುಗೆಯನ್ನು ಪೂರ್ಣಗೊಳಿಸಿ, ಆಮೇಲೆ ಹೊಲಕ್ಕೆ ಇಳಿಸಬೇಕು. ಬದಲಾಯಿಸತಕ್ಕ ಭಾಗಗಳಿಗೂ, ಬೆಸುಗೆಯ ಬಿಸಿಯಿಂದ ಬಿರಿಯುವ ಗಟ್ಟಿ ಉಕ್ಕಿನ ಗುಳಗಳಿಗೂ ಬೋಲ್ಟೇ ಲೇಸು.

ಎಚ್ಚರಿಕೆ.— ಕರಿಗಾಜಿನ ಮುಖಕವಚವಿಲ್ಲದೆ ಯಾರೂ ಉರಿಯನ್ನು ನೋಡಬಾರದು. ಸತುವು ಲೇಪಿಸಿದ ಕೊಳವೆಯ ಬಿಳಿ ಹೊಗೆಯಿಂದ ಜ್ವರ ಬರುವುದು. ಎಣ್ಣೆಯೋ ಔಷಧಿಯೋ ಇದ್ದ ಪೀಪಾಯಿಯನ್ನು ಎಂದಿಗೂ ಬೆಸೆಯಕೂಡದು. ಯಂತ್ರಕ್ಕೆ ನೆಲತಂತಿ (ಅರ್ತಿಂಗ್) ಇದ್ದೇ ತೀರಬೇಕು. ಒದ್ದೆ ನೆಲದಲ್ಲಿ ಕೆಲಸ ಸಲ್ಲದು.

ದೊಡ್ಡ ಯಂತ್ರವೇ ಒಳ್ಳೆಯ ಬೆಸುಗೆಯನ್ನು ಕೊಡುವುದಿಲ್ಲ. ಕೆಲಸಕ್ಕೂ ವಿದ್ಯುತ್ತಿಗೂ ಹೊಂದುವ ಯಂತ್ರವನ್ನು ಬೇಸಗೆಯಲ್ಲಿಯೇ ತಂದು, ಹತ್ತಾರು ಬೆಸುಗೆಗಳನ್ನು ಮುರಿದು ನೋಡಿ ಕಲಿತವರಿಗೆ, ಬಿತ್ತನೆಯ ಹದದಲ್ಲಿ ಉಪಕರಣವು ಕೈಕೊಡುವ ಭಯವು ಬಹುಮಟ್ಟಿಗೆ ತಪ್ಪುವುದು.