ಮಾತು ನಿಂತಲ್ಲಿ ನೋಟ: ಕಿರುತೆರೆಯ ಕಥೆಯಲ್ಲಿ ಸಿನಿಮಾ ತಂತ್ರ

ದುಧನಿಯಂಥ ಗಡಿಯೂರಿನ ಕನ್ನಡ ಶಾಲೆಯ ಮಗು ಮನೆಯಲ್ಲಿ ಕನ್ನಡವನ್ನೇ ಆಡಿದರೂ ಸಂಜೆ ಮರಾಠಿ, ಹಿಂದಿ ಧಾರಾವಾಹಿಗಳನ್ನೂ ನೋಡುತ್ತದೆ. ಇವುಗಳಲ್ಲಿ ಹಲವು ಮಾತಿನ ಬಲದಿಂದಲೇ ನಡೆಯುವಂಥವು. ಪಾತ್ರಗಳು ಪಡಸಾಲೆಯಲ್ಲಿ ನಿಂತು ಮನಸ್ಸಿನಲ್ಲಿರುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತವೆ; ಒಂದು ಕಟುನುಡಿಗೆ ಮನೆಮಂದಿಯ ಮುಖಗಳನ್ನೆಲ್ಲ ಸರದಿಯಂತೆ ತೋರಿಸುವಷ್ಟರಲ್ಲಿ ಅಂದಿನ ಕಂತೇ ಮುಗಿದಿರುತ್ತದೆ. ನೋಡುವವರ ಕಣ್ಣಿಗೆ ಅಲ್ಲಿ ಕೆಲಸ ಕಡಿಮೆ.

ಸಿನಿಮಾದ ರೀತಿ ಕಿರುತೆರೆಗೆ ಬಂದಾಗ ಕಥನ ಹೇಗೆ ಬದಲಾಗುತ್ತದೆ ಎಂಬುದಕ್ಕೆ ಶಂಕರ್ ನಾಗ್ ನಿರ್ದೇಶನದ ‘ಮಾಲ್ಗುಡಿ ಡೇಸ್’ ಉತ್ತಮ ನಿದರ್ಶನ. ಆರ್. ಕೆ. ನಾರಾಯಣರ ಇಂಗ್ಲಿಷ್ ಕಥೆಗಳನ್ನು ಆಧರಿಸಿದ ಈ ಸರಣಿ 1986ರಿಂದ ದೂರದರ್ಶನದಲ್ಲಿ ಹಿಂದಿಯಲ್ಲಿ ಪ್ರಸಾರವಾಯಿತು. ‘ಘಟಶ್ರಾದ್ಧ’ದ ಛಾಯಾಗ್ರಾಹಕ ಎಸ್. ರಾಮಚಂದ್ರ ಇದರ ಕ್ಯಾಮೆರಾ ಹೊಣೆ ಹೊತ್ತಿದ್ದರು. ಚಿತ್ರೀಕರಣ ಬಹುಪಾಲು ಮಲೆನಾಡಿನ ಆಗುಂಬೆಯಲ್ಲಿ ನಡೆಯಿತು. ಮೂರು ಗೋಡೆಯ ಸೆಟ್ಟಿನ ಬದಲು ನಿಜವಾದ ಮನೆ, ಜಗಲಿ, ಬೀದಿ ದೊರೆತದ್ದರಿಂದ ಊರೂ ಒಂದು ಪಾತ್ರವಾಯಿತು.

‘ಎ ಹೀರೋ’ ಕಥೆಯನ್ನು ಗಮನಿಸಬಹುದು. ತಂದೆಯ ಸವಾಲಿನಿಂದಾಗಿ ಬಾಲಕ ಸ್ವಾಮಿ ರಾತ್ರಿ ಕಚೇರಿ ಕೋಣೆಯಲ್ಲಿ ಒಬ್ಬನೇ ಮಲಗಬೇಕಾಗುತ್ತದೆ. ಹೆದರಿ ಬೆಂಚಿನ ಕೆಳಗೆ ಸೇರಿಕೊಳ್ಳುತ್ತಾನೆ. ಅವನ ಭೀತಿಯನ್ನು ಕಥೆಗಾರ ವಾಕ್ಯಗಳಲ್ಲಿ ವರ್ಣಿಸಬಲ್ಲ. ತೆರೆಯ ಮೇಲೆ ಮಗು “ನನಗೆ ಭಯ” ಎಂದು ಒದರಿದರೆ ಭಯ ಅಲ್ಲಿಗೇ ಸತ್ತಿತು. ಅದು ಹುಟ್ಟಬೇಕಾದದ್ದು ಬೆಳಕಿನ ಮಿತಿಯಿಂದ, ಕ್ಯಾಮೆರಾ ಹುಡುಗನ ಕಣ್ಣಿನ ಎತ್ತರಕ್ಕೆ ಇಳಿಯುವುದರಿಂದ, ಚೌಕಟ್ಟಿನ ಹೊರಗಿನ ಸಣ್ಣ ಸದ್ದಿನಿಂದ. ಒಂದು ಚಿತ್ರಿಕೆಯನ್ನು ಎಷ್ಟು ಹೊತ್ತು ತಡೆದು ಮುಂದಿನದಕ್ಕೆ ಹೋಗಬೇಕೆಂಬ ಸಂಕಲನದ ತೀರ್ಮಾನವೇ ಇಲ್ಲಿ ವಾಕ್ಯರಚನೆಯ ಕೆಲಸ ಮಾಡುತ್ತದೆ.

ಗಡಿಶಾಲೆಗೆ ಇದರಿಂದ ಒಂದು ವಿಶೇಷ ಅನುಕೂಲವಿದೆ. ಸಂಭಾಷಣೆ ಹಿಂದಿಯದಾದರೂ ಮೌನಚಿತ್ರಿಕೆ ಯಾವ ಭಾಷೆಯದೂ ಅಲ್ಲ. ಇಂಥ ದೃಶ್ಯವೊಂದನ್ನು ಶಿಕ್ಷಕರು ಧ್ವನಿಯಿಲ್ಲದೆ ಎರಡು ಬಾರಿ ತೋರಿಸಿ, ಕಂಡದ್ದನ್ನು ಹೇಳಿಸಬೇಕು. “ಅಂವ ಬಾಕಿನ ಬುಡಕ ಹೊಕ್ಕಾನ್ರೀ” ಎಂದು ಮಗು ಹೇಳಿದರೆ ಕರಿಹಲಗೆಯ ಮೇಲೆ ಅದನ್ನು ಹಾಗೆಯೇ ಬರೆಯಬೇಕು. ‘ಬಾಕು’ ಮರಾಠಿಯದೆಂದು ಕೂಡಲೇ ಅಳಿಸಿಬಿಟ್ಟರೆ ಮುಂದಿನ ಮಗು ಬಾಯಿ ತೆರೆಯಲಾರದು; ಹೀಗೆ ಮೌನವಾದ ಮಕ್ಕಳು ಕನ್ನಡ ತಮ್ಮದಲ್ಲವೆಂದು ತಿಳಿಯುವ ಅಪಾಯವಿದೆ. ಗ್ರಂಥಭಾಷೆಯ ರೂಪವನ್ನು ಪಕ್ಕದಲ್ಲಿ ಬರೆಯುವುದು ಮರುದಿನವಾದರೂ ಆದೀತು. ಆಮೇಲೆ ಧ್ವನಿಯೊಡನೆ ಅದೇ ದೃಶ್ಯವನ್ನು ತೋರಿಸಿ, ಮಕ್ಕಳು ಊಹಿಸಿದ ಸದ್ದು ಯಾವುದು, ಕೇಳಿಸಿದ ಸದ್ದು ಯಾವುದು ಎಂದು ಹೋಲಿಸಲು ಬಿಡಬೇಕು.