ಭಯದ ಸವಿ

ಹಾವನ್ನು ಕಂಡವನು ಓಡುತ್ತಾನೆ. ಅದೇ ಹಾವು ತೆರೆಯ ಮೇಲೆ ಹರಿದರೆ ಹಣ ತೆತ್ತು ಕುಳಿತು ನೋಡುತ್ತಾನೆ. ಬಾಳಿನಲ್ಲಿ ಬೇಡವಾದ ಭಯವು ಕಲೆಯಲ್ಲಿ ಬೇಕೆನಿಸುವುದು ಹೇಗೆ?

ಈ ಪ್ರಶ್ನೆ ಚಲನಚಿತ್ರಕ್ಕಿಂತ ಬಹು ಹಳೆಯದು. ಭರತನು ನಾಟ್ಯಶಾಸ್ತ್ರದಲ್ಲಿ ಎಣಿಸಿದ ಎಂಟು ರಸಗಳಲ್ಲಿ ಭಯಾನಕ, ಬೀಭತ್ಸ, ಅದ್ಭುತಗಳೂ ಸೇರಿವೆ. ಕಲಬುರಗಿ ಜಿಲ್ಲೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಕಾಲದಲ್ಲಿ ರಚಿತವಾದ ‘ಕವಿರಾಜಮಾರ್ಗ’ದಲ್ಲಿಯೂ ರಸಗಳ ಪ್ರಸ್ತಾಪವಿದೆ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನನು ಹೆಣಗಳ ನಡುವೆ ಹೆಜ್ಜೆಯಿಡುತ್ತ ಸಾಗುವಾಗ ಮರುಳುಗಳು ಅವನನ್ನು ಅಣಕಿಸುತ್ತವೆ. ಓದುಗನಲ್ಲಿ ಹೇಸಿಗೆ, ಅಂಜಿಕೆ, ಕನಿಕರ, ಕಿರುನಗೆ ಎಲ್ಲವೂ ಒಟ್ಟಿಗೇ ಮೂಡುತ್ತವೆ. ಇಷ್ಟು ವಿಲಕ್ಷಣವಾದ ದೃಶ್ಯವನ್ನು ಕಲ್ಪಿಸಬಲ್ಲ ಚಿತ್ರನಿರ್ದೇಶಕರು ವಿರಳ!

ರಸಕ್ಕೆ ಅಂತರ ಬೇಕು. ಕಲಬುರಗಿಯ ಚಿತ್ರಮಂದಿರದಲ್ಲಿ ಕುಳಿತ ಕಮಲಾಪುರದ ಪ್ರೇಕ್ಷಕನಿಗೆ, ತೆರೆಯ ಮೇಲಿನ ಪ್ರೇತವು ತನ್ನನ್ನು ಮುಟ್ಟಲಾರದೆಂಬುದು ಗೊತ್ತಿರುತ್ತದೆ. ಎದೆ ಬಡಿದುಕೊಳ್ಳುತ್ತದೆ, ಬುದ್ಧಿ ನಿಶ್ಚಿಂತವಾಗಿರುತ್ತದೆ. ಪಕ್ಕದವನೂ ಬೆಚ್ಚಿದನೆಂಬ ಸಮಾಧಾನ ಬೇರೆ.

ಆ ಅಂತರ ಅಳಿದರೆ ಆಗುವುದೇನೆಂಬುದನ್ನು ಈ ಸೀಮೆ ಚೆನ್ನಾಗಿ ಬಲ್ಲದು. ಕಲಬುರಗಿ, ಬೀದರ ಜಿಲ್ಲೆಗಳ ಹಳ್ಳಿಗಳಲ್ಲಿ ಬಾನಾಮತಿಯ ಅಂಜಿಕೆ ಬಹುಕಾಲ ಬೇರೂರಿತ್ತು. ಹೆಣ್ಣುಮಗಳೊಬ್ಬಳು ನಾಯಿಯಂತೆ ಬೊಗಳಿದರೆ, ಮನೆಯ ಮೇಲೆ ಕಲ್ಲು ಬಿದ್ದರೆ, ನೆರೆಯವರು ಮಾಟ ಮಾಡಿಸಿದರೆಂಬ ಸಂಶಯ ಹುಟ್ಟುತ್ತಿತ್ತು. ಬಳಲುವವಳಿಗೆ ಔಷಧ ದೊರೆಯುವ ಮೊದಲೇ ಸಂಶಯಕ್ಕೆ ಗುರಿಯಾದವನಿಗೆ ಏಟು ಬೀಳುತ್ತಿತ್ತು. ಅಲ್ಲಿದ್ದುದು ಭಯವೇ ಹೊರತು ಭಯಾನಕ ರಸವಲ್ಲ. ಅಮಾನವೀಯ ದುಷ್ಟಾಚರಣೆಗಳನ್ನೂ ಮಾಟಮಂತ್ರಗಳನ್ನೂ ತಡೆಯಲು ಕರ್ನಾಟಕವು 2017ರಲ್ಲಿ ಶಾಸನವನ್ನೇ ರೂಪಿಸಬೇಕಾಯಿತು.

ಕನ್ನಡ ಚಿತ್ರಗಳು ಈ ಅಂಜಿಕೆಯನ್ನು ಬೇರೆ ಬೇರೆ ಬಗೆಯಲ್ಲಿ ಬಳಸಿಕೊಂಡಿವೆ. 1979ರ ‘ನಾ ನಿನ್ನ ಬಿಡಲಾರೆ’ಯಲ್ಲಿ ಪ್ರೇತಬಾಧೆಗೆ ರಾಘವೇಂದ್ರಸ್ವಾಮಿಗಳ ಮೇಲಣ ಭಕ್ತಿಯೇ ಆಸರೆ. 2004ರ ‘ಆಪ್ತಮಿತ್ರ’ದಲ್ಲಿ ನಾಗವಲ್ಲಿಯ ಕಾಟವು ಗಂಗೆಯ ಮನಸ್ಸಿನ ಬೇನೆಯೆಂದು ವೈದ್ಯನು ತೋರಿಸುತ್ತಾನೆ. ಬಾನಾಮತಿಯನ್ನು ಕಂಡ ಸೀಮೆಗೆ ಇದು ಸಣ್ಣ ಮಾತಲ್ಲ. ಆದರೂ ಅದೇ ಮನೆಯಲ್ಲಿ ಹರಿದಾಡುವ ದೊಡ್ಡ ಹಾವಿಗೂ ಆ ಬೇನೆಗೂ ನಂಟೇನೆಂಬುದನ್ನು ಚಿತ್ರವು ಬಿಡಿಸಿ ಹೇಳುವುದಿಲ್ಲ. ಪ್ರೇಕ್ಷಕನ ನೆನಪಿನಲ್ಲಿ ಮಾತ್ರ ಹಾವು ಉಳಿಯುತ್ತದೆ.

ಹೀಗೆ ವಿವರಣೆಗೆ ಸಿಗದ ವಿಚಿತ್ರವನ್ನೇ ಜೀವಾಳವಾಗಿಸಿಕೊಂಡ ಚಿತ್ರಗಳೂ ಉಂಟು. 1920ರಲ್ಲಿ ಜರ್ಮನಿಯಲ್ಲಿ ತೆರೆಕಂಡ, ರಾಬರ್ಟ್ ವೀನೆ ನಿರ್ದೇಶಿಸಿದ ‘ಡಾಕ್ಟರ್ ಕ್ಯಾಲಿಗರಿಯ ಪೆಟ್ಟಿಗೆ’ ಅವುಗಳಲ್ಲಿ ಮುಖ್ಯವಾದುದು. ಅದರಲ್ಲಿ ಮನೆಗಳು ವಾಲಿ ನಿಂತಿವೆ, ಕಿಟಕಿಗಳು ಸೊಟ್ಟಗಿವೆ. ನೆರಳುಗಳನ್ನು ಸಹ ಬಣ್ಣದಿಂದ ಬರೆಯಲಾಗಿದೆ. ನಿದ್ರೆಯಲ್ಲಿ ನಡೆಯುವವನೊಬ್ಬನು ರಾತ್ರಿ ಕೊಲೆಗೆ ಹೊರಡುತ್ತಾನೆ. ಕೊನೆಗೆ, ಕಥೆ ಹೇಳುತ್ತಿದ್ದವನೇ ಹುಚ್ಚಾಸ್ಪತ್ರೆಯ ರೋಗಿಯೆಂದು ತಿಳಿಯುತ್ತದೆ. ಹಾಗಾದರೆ ಕಂಡದ್ದರಲ್ಲಿ ನಿಜವೆಷ್ಟು? ದೆವ್ವವು ಓಡಿಹೋದರೆ ಭಯವೂ ಓಡಿಹೋಗುತ್ತದೆ. ಇಲ್ಲಿ ಓಡಿಸಲು ದೆವ್ವವೇ ಇಲ್ಲ. ನೋಡಿ ಹೊರಬಂದವನು ಹಗಲಿನಲ್ಲಿ, ತನ್ನ ಬೀದಿಯ ನೆಟ್ಟನೆಯ ಗೋಡೆಯನ್ನೂ ಇನ್ನೊಮ್ಮೆ ದಿಟ್ಟಿಸುತ್ತಾನೆ.